ರುಚಿ ನೋಡದ ಪಾಕ

ರಾಮನವಮಿಯ ಪಾನಕಕ್ಕೆ ಹಿಂದಿನ ದಿನವೇ ಬೆಲ್ಲದ ಪಾಕ ಮಾಡಿಟ್ಟುಕೊಳ್ಳುತ್ತೇನೆ. ಎರಡು ಬಟ್ಟಲು ಪುಡಿಬೆಲ್ಲಕ್ಕೆ ಒಂದು ಬಟ್ಟಲು ನೀರು, ಸಣ್ಣ ಉರಿ. ಕರಗಿದ ಕೂಡಲೇ ತೆಳು ಬಟ್ಟೆಯಲ್ಲಿ ಸೋಸಬೇಕು. ಕಬ್ಬಿನ ನಾರು, ಮರಳು ಬಟ್ಟೆಯಲ್ಲೇ ಉಳಿಯುತ್ತವೆ. ಮತ್ತೆ ಒಲೆಗಿಟ್ಟರೆ ಮೊದಲು ದೊಡ್ಡ ನೊರೆ, ಆಮೇಲೆ ಸಣ್ಣ ಗುಳ್ಳೆಗಳು ಒತ್ತೊತ್ತಾಗಿ ಏಳುತ್ತವೆ. ಬೆರಳಿಗೆ ಅಂಟು ಬಂತು, ಎಳೆ ಇನ್ನೂ ಬಂದಿಲ್ಲ ಎನ್ನುವಾಗ ಇಳಿಸಬೇಕು. ಎಳೆ ಬಂದರೆ ಅದು ಉಂಡೆಗೆ, ಪಾನಕಕ್ಕಲ್ಲ.

ನೈವೇದ್ಯಕ್ಕೆ ಮೊದಲು ನಾಲಿಗೆಗೆ ಸೋಕಿಸುವಂತಿಲ್ಲ. “ಅತ್ತೆ, ಶಬರಿ ರಾಮನಿಗೆ ಹಣ್ಣನ್ನು ಕಚ್ಚಿ ನೋಡಿಯೇ ಕೊಟ್ಟಳಲ್ಲವೇ?” ಎಂದಳು ಸೊಸೆ. ಕೇಳಬೇಕಾದ ಪ್ರಶ್ನೆಯೇ. ವಾಲ್ಮೀಕಿಯಲ್ಲಿ ಆ ಪ್ರಸಂಗವಿಲ್ಲ, ಮುಂದೆ ಭಕ್ತರು ಸೇರಿಸಿಕೊಂಡದ್ದು. ಆದರೂ ಅದನ್ನು ಸುಳ್ಳೆಂದು ಬದಿಗಿಡಲು ನನಗೆ ಮನಸ್ಸಿಲ್ಲ. ಹುಳಿ ಹಣ್ಣು ರಾಮನಿಗೆ ಹೋಗಬಾರದೆಂದು ಶಬರಿ ರುಚಿ ನೋಡಿದಳು. ಮೊದಲ ಸವಿ ನನ್ನದಾಗಬಾರದೆಂದು ನಾನು ನೋಡುವುದಿಲ್ಲ. ನಿಯಮವೋ ಭಾವವೋ ಎಂದರೆ ಭಾವವೇ ದೊಡ್ಡದು, ಅನುಮಾನವಿಲ್ಲ. ಆದರೆ ಶಬರಿಗೆ ಸದಾ ಇದ್ದ ಭಾವ ನನಗೆ ದಿನವೂ ಒದಗದು. ಒದಗದ ದಿನ ನಿಯಮ ಕೈಹಿಡಿಯುತ್ತದೆ. ನಾಲಿಗೆಯನ್ನು ತಡೆದಾಗ ಕಣ್ಣು, ಮೂಗು ಪಾತ್ರೆಯ ಮೇಲೇ ಇರುತ್ತವೆ, ಮನಸ್ಸೂ ಅಲ್ಲೇ. ಸೊಸೆ ರುಚಿ ನೋಡಿಯೇ ಮಾಡುತ್ತೇನೆಂದರೆ ನಾನು ತಡೆಯುವವಳಲ್ಲ. ರಾಮ ಅದನ್ನೂ ಕುಡಿಯುತ್ತಾನೆ.