ದಯೆಯೂ ಮುಂದಾಲೋಚನೆಯೂ

ದಯೆಯ ವಿಚಾರ ಬಂದಾಗ ನಾವು ಅದರ ಪ್ರಮಾಣವನ್ನು ಕುರಿತು ಮಾತನಾಡುತ್ತೇವೆ. ಇವನು ದಯಾವಂತ, ಅವನು ನಿರ್ದಯಿ ಎನ್ನುತ್ತೇವೆ. ದಯೆಯು ಯಾವ ಹೊತ್ತಿನಲ್ಲಿ ಹುಟ್ಟಬೇಕು ಎಂಬ ಪ್ರಶ್ನೆಯನ್ನು ಮಾತ್ರ ಅಷ್ಟಾಗಿ ಕೇಳಿಕೊಳ್ಳುವುದಿಲ್ಲ. ಊರೊಳಗೆ ಬಾಳುವವರಿಗೆ ಈ ಪ್ರಶ್ನೆಯ ತೀವ್ರತೆ ತಿಳಿಯದು. ಇಲ್ಲಿ ತಡವಾಗಿ ಬಂದ ದಯೆಗೂ ಬೆಲೆಯುಂಟು. ಮಧ್ಯಾಹ್ನ ಸಿಗದ ಅನ್ನ ಸಂಜೆಗೆ ಸಿಕ್ಕರೂ ಹಸಿದವನು ಬದುಕುತ್ತಾನೆ. ಆದರೆ ಕಾಡು, ಮರಳುಗಾಡು, ಹಿಮಪ್ರದೇಶಗಳಲ್ಲಿ ಹೊತ್ತು ಮೀರಿ ಹುಟ್ಟಿದ ಕರುಣೆಯು ಯಾರನ್ನೂ ಉಳಿಸದೆ ಹೋಗಬಹುದು. ಇಂಥ ನಿರ್ಜನ ಪ್ರದೇಶಗಳಲ್ಲಿ ಜೀವ ಕಾಪಾಡಿಕೊಳ್ಳುವ ವಿದ್ಯೆಯನ್ನು ಸಾಹಸಿಗರ ಹವ್ಯಾಸವೆಂದು ನಾವು ಬದಿಗಿಟ್ಟಿದ್ದೇವೆ. ಅದರೊಳಗೆ ನೀತಿಯ ಪ್ರಶ್ನೆಯೊಂದು ಅಡಗಿದೆ ಎಂಬುದಕ್ಕೆ ದಕ್ಷಿಣ ಧ್ರುವಯಾತ್ರೆಯ ಇತಿಹಾಸದಲ್ಲಿ ಒಂದು ನಿದರ್ಶನವುಂಟು.

ಇಂಗ್ಲೆಂಡಿನ ನೌಕಾಧಿಕಾರಿ ರಾಬರ್ಟ್ ಫಾಲ್ಕನ್ ಸ್ಕಾಟನು ಧ್ರುವಕ್ಕೆ ಹೊರಡುವ ಮೊದಲು, ಮರಳಿ ಬರುವಾಗ ಬೇಕಾಗುವ ಆಹಾರ ಮತ್ತು ಸೀಮೆಎಣ್ಣೆಯನ್ನು ದಕ್ಷಿಣದ 80 ಡಿಗ್ರಿ ಅಕ್ಷಾಂಶದಲ್ಲಿ ದಾಸ್ತಾನು ಮಾಡಲು ನಿಶ್ಚಯಿಸಿದ್ದನು. 1911ರ ಆರಂಭದಲ್ಲಿ ಈ ಕಾರ್ಯಕ್ಕಾಗಿ ಎಂಟು ತಟ್ಟು ಕುದುರೆಗಳನ್ನು ಒಯ್ದನು. ಆ ಮೂಕಪ್ರಾಣಿಗಳ ಪಾಡು ಹೇಳತೀರದು. ಕಾಲು ಮೆದು ಹಿಮದಲ್ಲಿ ಹೂತುಹೋಗುತ್ತಿತ್ತು. ಮೈಯ ಬೆವರು ಚರ್ಮದ ಮೇಲೆಯೇ ಮಂಜುಗಟ್ಟುತ್ತಿತ್ತು. ಕುದುರೆಗಳ ಹೊಣೆ ಹೊತ್ತಿದ್ದ ಅಶ್ವದಳದ ಅಧಿಕಾರಿ ಓಟ್ಸನು, ಏನಾದರಾಗಲಿ ಮುಂದುವರಿಯೋಣ, ಬಿದ್ದ ಕುದುರೆಯನ್ನು ಕೊಂದು ಅದರ ಮಾಂಸವನ್ನೂ ದಾಸ್ತಾನಿಗೆ ಸೇರಿಸೋಣ ಎಂದನು. ಸ್ಕಾಟನ ಮನಸ್ಸು ಒಪ್ಪಲಿಲ್ಲ. ಫೆಬ್ರವರಿ 17ರಂದು 79 ಡಿಗ್ರಿ 29 ಮಿನಿಟುಗಳ ನೆಲೆಯಲ್ಲಿಯೇ, ಅಂದರೆ ಗೊತ್ತುಮಾಡಿದ ಸ್ಥಳಕ್ಕಿಂತ ಸುಮಾರು 57 ಕಿಲೋಮೀಟರ್ ಈಚೆಗೇ, ಒಂದು ಟನ್ ಸರಕನ್ನು ಇಳಿಸಿ ಹಿಂದಿರುಗಿದನು.

ಮುಂದಿನ ವರ್ಷ, 1912ರ ಜನವರಿ 17ರಂದು, ಸ್ಕಾಟನೂ ಆತನ ನಾಲ್ವರು ಸಂಗಡಿಗರೂ ಧ್ರುವವನ್ನು ಮುಟ್ಟಿದರು. ನಾರ್ವೆಯ ಅಮುಂಡ್ಸೆನ್ನನು 1911ರ ಡಿಸೆಂಬರ್ 14ರಂದೇ ಅಲ್ಲಿಗೆ ಬಂದು ಹೋಗಿದ್ದನು. ಹಿಂದಿರುಗುವ ಹಾದಿಯಲ್ಲಿ ಒಬ್ಬನು ಫೆಬ್ರವರಿಯಲ್ಲಿ ತೀರಿಕೊಂಡನು. ಹಿಮದಿಂದ ಕಾಲು ಕೊಳೆತು ನಡೆಯಲಾರದ ಓಟ್ಸನು, ತನ್ನಿಂದ ಉಳಿದವರಿಗೆ ತೊಡಕಾಗಬಾರದೆಂದು, ಮಾರ್ಚಿಯ ಮಧ್ಯದಲ್ಲಿ ಡೇರೆಯಿಂದ ಹಿಮದ ಬಿರುಗಾಳಿಗೆ ತಾನಾಗಿ ನಡೆದುಹೋದನು. ಈ ತ್ಯಾಗವನ್ನು ಲೋಕವು ಕೊಂಡಾಡಿದೆ, ಅದು ನ್ಯಾಯವೇ. ಹಿಂದಿನ ವರ್ಷ ಆತ ಕೊಟ್ಟ ಅಪ್ರಿಯ ಸಲಹೆಯನ್ನು ಸ್ಮರಿಸುವವರು ಮಾತ್ರ ವಿರಳ. ಉಳಿದ ಮೂವರು ಬಿರುಗಾಳಿಗೆ ಸಿಲುಕಿ ಡೇರೆಯೊಳಗೇ ಪ್ರಾಣಬಿಟ್ಟರು. ಸ್ಕಾಟನ ದಿನಚರಿಯ ಕೊನೆಯ ಬರಹ ಮಾರ್ಚಿ 29ರದು. ಆ ಡೇರೆಗೂ ದಾಸ್ತಾನಿಗೂ ನಡುವೆ ಇದ್ದ ದೂರ ಸುಮಾರು 20 ಕಿಲೋಮೀಟರ್. ಅದು ಮೊದಲು ಗೊತ್ತುಮಾಡಿದ್ದ ಜಾಗದಲ್ಲಿಯೇ ಇದ್ದಿದ್ದರೆ, ಅವರು ಅದನ್ನು ದಾಟಿ 37 ಕಿಲೋಮೀಟರ್ ಮುಂದೆ ಬಂದಂತಾಗುತ್ತಿತ್ತು.

ಹಾಗಾದರೆ ಕುದುರೆಗಳ ಮೇಲೆ ತೋರಿದ ದಯೆ ತಪ್ಪಾಯಿತೇ? ಪಶುವಿನ ಪ್ರಾಣಕ್ಕಿಂತ ಮನುಷ್ಯನ ಪ್ರಾಣ ದೊಡ್ಡದು, ಆದುದರಿಂದ ತಪ್ಪೇ ಎಂದು ಕೆಲವರು ಥಟ್ಟನೆ ತೀರ್ಪು ಕೊಟ್ಟಾರು. ಆ ತೀರ್ಪು ನನಗೆ ಒಪ್ಪಿಗೆಯಿಲ್ಲ. ಏಕೆಂದರೆ ಆ ಕುದುರೆಗಳ ಗತಿ ಏನಾಯಿತೆಂಬುದನ್ನೂ ನೋಡಬೇಕು. ಒಯ್ದ ಎಂಟರಲ್ಲಿ ಆರು ಆ ಪ್ರಯಾಣದಲ್ಲಿಯೇ ಸತ್ತವು. ಕೆಲವು ದಣಿವಿನಿಂದ, ಕೆಲವು ಕಡಲ ಮೇಲಿನ ಮಂಜುಗಡ್ಡೆ ಒಡೆದು ನೀರಿಗೆ ಸಿಲುಕಿದುದರಿಂದ. ಮುಂದಿನ ಬೇಸಗೆಯಲ್ಲಿ ಧ್ರುವದ ದಿಕ್ಕಿಗೆ ನಡೆಸಿದ ಕುದುರೆಗಳನ್ನೆಲ್ಲ ಸ್ಕಾಟನ ಯೋಜನೆಯಂತೆಯೇ ಡಿಸೆಂಬರ್ 9ರೊಳಗೆ ಗುಂಡಿಕ್ಕಿ ಕೊಲ್ಲಲಾಯಿತು. ಅಂದಮೇಲೆ ಫೆಬ್ರವರಿ 17ರ ಕನಿಕರವು ಮನುಷ್ಯರನ್ನೂ ಉಳಿಸಲಿಲ್ಲ, ಪಶುಗಳನ್ನೂ ಉಳಿಸಲಿಲ್ಲ.

ದಯೆಯು ಹುಟ್ಟಬೇಕಾಗಿದ್ದ ಸ್ಥಳ ಆ ಹಿಮದ ಬಯಲಲ್ಲ, ಕುದುರೆಗಳನ್ನು ಕೊಂಡ ಸಂತೆ. ಹುಲ್ಲಿನ ಎಸಳೂ ಇಲ್ಲದ ನಾಡಿಗೆ ಹುಲ್ಲು ಮೇಯುವ ಪ್ರಾಣಿಯನ್ನು ಒಯ್ಯುವುದು ಸರಿಯೇ ಎಂದು ಅಲ್ಲಿ ಕೇಳಿಕೊಳ್ಳಬೇಕಾಗಿತ್ತು. ಕುದುರೆಯನ್ನು ಬಲ್ಲ ಓಟ್ಸನನ್ನು ಕೊಳ್ಳಲು ಕಳುಹಿಸಲಿಲ್ಲ. ಕಳುಹಿಸಿದ್ದು ನಾಯಿಗಳನ್ನು ಬಲ್ಲವನನ್ನು. ಹಿಂದಿನ ಯಾತ್ರೆಯೊಂದರಲ್ಲಿ ಕಪ್ಪು ಮೈಯವು ಮೊದಲು ಸತ್ತವೆಂಬ ಕಾರಣಕ್ಕೆ ಬಿಳಿಯ ಕುದುರೆಗಳೇ ಬೇಕೆಂದು ಆತನಿಗೆ ಹೇಳಲಾಗಿತ್ತು. ಬಣ್ಣವನ್ನು ನೋಡಿದ ಮೇಲೆ ವಯಸ್ಸನ್ನೂ ಕಾಲನ್ನೂ ನೋಡುವುದಕ್ಕೆ ಎಷ್ಟು ಅವಕಾಶ ಉಳಿದೀತು! ಓಟ್ಸನು ಅವನ್ನು ಮೊದಲ ಬಾರಿ ಕಂಡಾಗಲೇ ನಿರಾಶನಾದನು.

ಅಮುಂಡ್ಸೆನ್ನನ ಸಿದ್ಧತೆಯ ರೀತಿ ಬೇರೆ. ಆತನು 1903ರಿಂದ 1905ರವರೆಗೆ ಉತ್ತರ ಅಮೆರಿಕದ ಹಿಮಪ್ರದೇಶದಲ್ಲಿ ನೆಟ್ಸಿಲಿಕ್ ಎಂಬ ಮೂಲನಿವಾಸಿಗಳ ನೆರೆಯಲ್ಲಿ ಎರಡು ಚಳಿಗಾಲಗಳನ್ನು ಕಳೆದು, ತೊಗಲಿನ ಉಡುಪನ್ನು ಸಡಿಲವಾಗಿ ತೊಡುವುದನ್ನೂ ನಾಯಿಗಳನ್ನು ಹೂಡುವುದನ್ನೂ ಅವರಿಂದ ಕಲಿತನು. ನಾಗರಿಕರೆನಿಸಿಕೊಂಡವರು ಅನಾಗರಿಕರೆಂದು ಕರೆದವರ ಮುಂದೆ ಶಿಷ್ಯರಾಗಿ ಕುಳಿತುಕೊಳ್ಳುವುದು ಆ ಕಾಲದಲ್ಲಿ ಸಣ್ಣ ಮಾತಲ್ಲ. ಸೀಮೆಎಣ್ಣೆಯ ಡಬ್ಬಿಯ ಸಂಗತಿಯನ್ನು ನೋಡಿರಿ. ಸ್ಕಾಟನ ಡಬ್ಬಿಗಳ ಮುಚ್ಚಳಕ್ಕೆ ತೊಗಲಿನ ವಾಷರ್ ಇತ್ತು. ಚಳಿಗೆ ಅದು ಕೆಟ್ಟು ಎಣ್ಣೆ ಸೋರಿ, ದಾಸ್ತಾನನ್ನು ತಲುಪಿದವರಿಗೆ ಅರೆಬರೆ ಡಬ್ಬಿಗಳು ದೊರೆತವು. ಎಣ್ಣೆಯಿಲ್ಲದೆ ಹಿಮ ಕರಗದು. ಹಿಮ ಕರಗದೆ ಕುಡಿಯುವ ನೀರಿಲ್ಲ. ಅಮುಂಡ್ಸೆನ್ನನು ತನ್ನ ಡಬ್ಬಿಗಳಿಗೆ ಬೆಸುಗೆ ಹಾಕಿಸಿದ್ದನು. ದಾಸ್ತಾನಿನ ಮೇಲೆ ಒಂದೇ ಬಾವುಟ ನೆಟ್ಟು ಸುಮ್ಮನಾಗದೆ, ದಾರಿಗೆ ಅಡ್ಡಲಾಗಿ ಎರಡೂ ಬದಿಗೆ ಸುಮಾರು ಒಂಬತ್ತು ಕಿಲೋಮೀಟರ್ ತನಕ ಬಾವುಟಗಳ ಸಾಲು ನೆಡಿಸಿದ್ದನು. ಮಬ್ಬಿನಲ್ಲಿ ದಾರಿ ತಪ್ಪಿದವನಿಗೂ ಯಾವುದಾದರೊಂದು ಕಣ್ಣಿಗೆ ಬೀಳಲೆಂದು. ದಾರಿ ತಪ್ಪುವುದು ಸಹಜವೆಂದು ಮೊದಲೇ ಒಪ್ಪಿಕೊಂಡವನ ಏರ್ಪಾಡು ಇದು.

ಆದರೂ ಅಮುಂಡ್ಸೆನ್ನನನ್ನು ಆದರ್ಶನೆಂದು ನಿಲ್ಲಿಸಲು ಮನಸ್ಸು ಬಾರದು. ಆತ ಹೊರಟಾಗ 52 ನಾಯಿಗಳಿದ್ದವು, ಮರಳಿದವು 11. ತನ್ನನ್ನು ಎಳೆದುತಂದ ಪ್ರಾಣಿಗಳನ್ನು ಇಂಥ ದಿನ ಇಷ್ಟು ಕೊಲ್ಲುವುದೆಂದು ಹೊರಡುವ ಮುನ್ನವೇ ಲೆಕ್ಕ ಹಾಕಿದ್ದನು. ತನ್ನ ಜನರನ್ನೆಲ್ಲ ಜೀವಸಹಿತ ಮರಳಿ ತಂದ ಮುಂದಾಲೋಚನೆ ಅದೇ, ನಾಯಿಗಳ ಪಾಲಿಗೆ ಕತ್ತಿಯಾದದ್ದೂ ಅದೇ. ಸ್ಕಾಟನ ಬಗೆಗೂ ನ್ಯಾಯವಾಗಿ ನುಡಿಯಬೇಕು. ಹವಾಮಾನ ವಿಜ್ಞಾನಿ ಸೂಸನ್ ಸಾಲೊಮನ್ 2001ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, 1912ರ ಆ ಮಾರ್ಚಿ ತಿಂಗಳ ಚಳಿಯು ಆ ಪ್ರದೇಶಕ್ಕೂ ಅಸಾಮಾನ್ಯವಾಗಿತ್ತೆಂದು ತೋರಿಸಿದ್ದಾರೆ.

ಎಲ್ಲವೂ ದೈವೇಚ್ಛೆ, ಆಪತ್ತನ್ನು ಮೊದಲೇ ನೆನೆದು ಗಂಟು ಕಟ್ಟುವುದು ಅವಿಶ್ವಾಸದ ಲಕ್ಷಣವಲ್ಲವೇ ಎಂದು ಭಕ್ತರು ಕೇಳಬಹುದು. ನನ್ನೊಬ್ಬನ ಪ್ರಾಣದ ಮಾತಾದರೆ ಈ ವಾದಕ್ಕೆ ಒಂದಿಷ್ಟು ಬೆಲೆ ಉಂಟು. ಆದರೆ ಸಿದ್ಧತೆಯಿಲ್ಲದೆ ಹೊರಟವನ ಭಾರವನ್ನು ದೈವವು ನೇರವಾಗಿ ಹೊರುವುದನ್ನು ಯಾರೂ ಕಂಡಿಲ್ಲ. ಅದನ್ನು ಹೊರುವುದು ಪಕ್ಕದಲ್ಲಿರುವ ಕೂಲಿಯವನು, ಹುಡುಕಲು ಬರುವ ಸಿಪಾಯಿ, ಇಲ್ಲವೆ ಬಾಯಿಲ್ಲದ ಪಶು.

ಕೇದಾರದ ಹಾದಿಯಲ್ಲಿ ಇದನ್ನು ಇಂದಿಗೂ ಕಾಣಬಹುದು. ಅಲ್ಲಿಯ ರಾವಲರು ವೀರಶೈವ ಪರಂಪರೆಯವರು. ನಮ್ಮ ನಾಡಿನಿಂದ ಪ್ರತಿವರ್ಷ ಅಲ್ಲಿಗೆ ಹೋಗುವ ಭಕ್ತರು ಬಹಳ. ಗೌರಿಕುಂಡದ ಎತ್ತರ ಎರಡು ಸಾವಿರ ಮೀಟರಿನ ಆಸುಪಾಸು, ದೇವಾಲಯದ್ದು 3,583 ಮೀಟರ್. ನಡುವಿನ ಏರುದಾರಿ ಸುಮಾರು 16 ಕಿಲೋಮೀಟರ್. ಒಂದೇ ದಿನದಲ್ಲಿ ಅಷ್ಟು ಏರಿದರೆ ಬಯಲುನಾಡಿನ ದೇಹ ತಾಳಿಕೊಳ್ಳುವುದು ಕಷ್ಟ. 2022ರಲ್ಲಿ ನಾಲ್ಕು ಧಾಮಗಳ ಯಾತ್ರೆಯ ಮೊದಲ ತಿಂಗಳ ಕೊನೆಗೇ ನೂರರಷ್ಟು ಯಾತ್ರಿಕರು ತೀರಿಕೊಂಡರು. ಅದೇ ವರ್ಷ ಆ ದಾರಿಯಲ್ಲಿ ಬಿಡುವಿಲ್ಲದೆ ದುಡಿದು ಕುಸಿದು ಸತ್ತ ಹೇಸರಗತ್ತೆಗಳೂ ಅನೇಕ.

ಆದುದರಿಂದ ಹೊರಡುವವರು ಉಣ್ಣೆಯ ಉಡುಪು ಒಯ್ಯಬೇಕು. ಹತ್ತಿಬಟ್ಟೆ ನೆನೆದರೆ ಮೈಯ ಕಾವನ್ನೇ ಹೀರುತ್ತದೆ, ಉಣ್ಣೆ ನೆನೆದರೂ ಅಷ್ಟಿಷ್ಟು ಬೆಚ್ಚಗಿಡುತ್ತದೆ. ತಲೆನೋವು, ವಾಂತಿ, ನಡಿಗೆಯಲ್ಲಿ ತೂರಾಟ ಕಂಡರೆ ಶಿಖರ ಕಾಣುತ್ತಿದ್ದರೂ ಕೆಳಗಿಳಿಯಬೇಕು. ದಾರಿ ತಪ್ಪಿದವರು ಅಲೆಯದೆ ಇದ್ದಲ್ಲೇ ನಿಂತು, ಮೂರು ಮೂರು ಸಲ ಸೀಟಿ ಊದುತ್ತಿರಬೇಕು. ಇನ್ನು ಹೇಸರಗತ್ತೆಯ ಮಾತು. ಏರುವ ಮುನ್ನ ಜೀನನ್ನೆತ್ತಿಸಿ ಅದರ ಬೆನ್ನನ್ನು ನೋಡುವವರು ಎಷ್ಟು ಮಂದಿ? ಬೆನ್ನಿನಲ್ಲಿ ಹುಣ್ಣಿದ್ದರೆ ಬೇರೊಂದನ್ನು ಕೇಳಬಹುದು. ಅದೂ ಸಿಗದಿದ್ದರೆ ಒಂದು ರಾತ್ರಿ ಕೆಳಗೇ ತಂಗಿ, ಬೆಳಗ್ಗೆ ನಡೆದೇ ಹೊರಡಬಹುದು. ಅದಕ್ಕೆ ಬೇಕಾದ ಕಾಲಿನ ಅಭ್ಯಾಸವನ್ನು ಮೂರು ತಿಂಗಳ ಮುಂಚೆ ಊರಿನ ಗುಡ್ಡದಲ್ಲಿ ಮಾಡಿಕೊಂಡಿದ್ದರೆ.