ಯೋಗ್ಯತೆಯ ಅಳತೆಗೋಲು

ನಮ್ಮ ಕುಮಾರಪಟ್ಟಣಕ್ಕೂ ಆಚೆ ದಡದ ಹರಿಹರಕ್ಕೂ ನಡುವೆ ತುಂಗಭದ್ರೆಯೊಂದೇ ಅಡ್ಡ. ಹುಬ್ಬಳ್ಳಿ–ಬೆಂಗಳೂರು ಹಾದಿಯ ರೈಲುಗಳು ಹಗಲಿರುಳೂ ಈ ಹೊಳೆಯನ್ನು ದಾಟುತ್ತವೆ. ಇಂಜಿನ್ನನ್ನು ನಡೆಸುವವರು ಗಂಡಸೋ ಹೆಂಗಸೋ ಎಂದು ಪ್ರಯಾಣಿಕರಾರೂ ವಿಚಾರಿಸುವುದಿಲ್ಲ. ಸುಖವಾಗಿ ಊರು ಮುಟ್ಟಿದರೆ ಸಾಕು. ಆದರೆ ಮನೆಯ ಮಗಳು ರೈಲ್ವೆ ನೌಕರಿಗೆ ಅರ್ಜಿ ಹಾಕಿದೊಡನೆ ಎರಡು ಆಕ್ಷೇಪಗಳೇಳುತ್ತವೆ: ಇದು ಹೆಂಗಸರಿಗೆ ತಕ್ಕ ಕೆಲಸವಲ್ಲವೆಂಬುದೊಂದು, ಅವರಿಗಾಗಿ ಪರೀಕ್ಷೆಯನ್ನು ಸಡಿಲಿಸಿದ್ದಾರೆಂಬುದು ಇನ್ನೊಂದು.

ಮೊದಲನೆಯದಕ್ಕೆ ಅನುಭವವೇ ಉತ್ತರ. 1980ರ ದಶಕದ ಕೊನೆಯಲ್ಲಿ ಸಹಾಯಕ ಚಾಲಕರಾಗಿ ಸೇರಿದ ಸುರೇಖಾ ಯಾದವರು 2023ರಲ್ಲಿ ಸೋಲಾಪುರದಿಂದ ಮುಂಬಯಿಗೆ ವಂದೇ ಭಾರತ್ ರೈಲನ್ನು ನಡೆಸಿದರು. ಅದೇ ವರ್ಷ ಜಯಾ ವರ್ಮಾ ಸಿನ್ಹಾ ಅವರು ರೈಲ್ವೆ ಮಂಡಳಿಯ ಮೊದಲ ಮಹಿಳಾ ಅಧ್ಯಕ್ಷರಾದರು.

ಎರಡನೆಯದು ವಿಚಾರಾರ್ಹವಾದುದು. 2019ರ ಪ್ರಕಟಣೆಯಂತೆ, ಕೆಳದರ್ಜೆಯ ನೌಕರಿಗಳ ದೇಹಪರೀಕ್ಷೆಯಲ್ಲಿ ಗಂಡಸರು 35 ಕಿಲೋ, ಹೆಂಗಸರು 20 ಕಿಲೋ ಭಾರವನ್ನು ಎರಡು ನಿಮಿಷಗಳೊಳಗೆ 100 ಮೀಟರು ಒಯ್ಯಬೇಕು. "ಹಳಿಯ ಮೇಲಿನ ಹೊರೆ ಹೆಣ್ಣನ್ನು ನೋಡಿ ಹಗುರಾಗುವುದೇ?" ಎಂದು ಕೇಳುವ ತರುಣನನ್ನು ಮತ್ಸರಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಭಾರ ಹೊರುವುದೇ ಆ ಕೆಲಸದ ತಿರುಳಾಗಿದ್ದರೆ ಅಳತೆ ಎಲ್ಲರಿಗೂ ಒಂದೇ ಇರತಕ್ಕದ್ದು. ಹಾಗಲ್ಲದೆ, ದೇಹವು ದೃಢವಾಗಿದೆಯೇ ಎಂದು ತಿಳಿಯುವುದಷ್ಟೇ ಉದ್ದೇಶವಾದರೆ, ಆಯಾ ದೇಹಕ್ಕೆ ತಕ್ಕ ಅಳತೆಯೇ ನಿಜವಾದ ಸಮಾನತೆ. ಇವೆರಡರಲ್ಲಿ ತನ್ನ ಉದ್ದೇಶ ಯಾವುದೆಂಬುದನ್ನು ಪರೀಕ್ಷೆ ನಡೆಸುವವರು ಬಿಚ್ಚಿ ಹೇಳಬೇಕು; ಹೇಳದಿದ್ದರೆ ಗೆದ್ದ ಹುಡುಗಿಯ ಮೇಲೂ ಸಂಶಯದ ನೆರಳು ಉಳಿಯುತ್ತದೆ.

ಆದರೆ ಅಳತೆಗೋಲು ಡೊಂಕಾಗುವುದು ನೇಮಕಕ್ಕಿಂತ ಹೆಚ್ಚಾಗಿ ಬಡ್ತಿಯಲ್ಲಿ. ವಿರಾಜಪೇಟೆಯಲ್ಲಿ ಹುಟ್ಟಿದ ಸಿ. ಬಿ. ಮುತ್ತಮ್ಮನವರು ವಿದೇಶಾಂಗ ಸೇವೆಯನ್ನು ಸೇರಿದ ಮೊದಲ ಮಹಿಳೆ. ಅವರಿಗೆ ಬಡ್ತಿ ತಪ್ಪಿದುದೂ 'ಯೋಗ್ಯತೆ'ಯ ಹೆಸರಿನಲ್ಲಿಯೇ. ಅವರು ಸುಪ್ರೀಂ ಕೋರ್ಟಿಗೆ ಹೋದ ಬಳಿಕ ಕೆಲವೇ ತಿಂಗಳುಗಳಲ್ಲಿ ಯೋಗ್ಯರೆನಿಸಿದರು! ಮದುವೆಗೆ ಮುನ್ನ ಸರಕಾರದ ಅನುಮತಿಯನ್ನು ಹೆಂಗಸರು ಮಾತ್ರ ಪಡೆಯಬೇಕೆಂಬ ನಿಯಮವನ್ನು 1979ರ ತೀರ್ಪು ಕಟುವಾಗಿ ಖಂಡಿಸಿತು.

ರೈಲ್ವೆಯಲ್ಲಿಯೂ ಇಂಥದೇ ಒಂದು ಮರೆಯ ಅಡ್ಡಿಯಿದೆ. ಬಹುಮಟ್ಟಿಗೆ ಇಂಜಿನ್ನುಗಳು ಶೌಚಗೃಹವಿಲ್ಲದೆಯೇ ಕಟ್ಟಲ್ಪಟ್ಟವು. ಈ ಸಂಕಟ ಗಂಡಸರಿಗೂ ಉಂಟು, ಹೆಂಗಸರಿಗೆ ಹೆಚ್ಚು. ನೀರನ್ನೇ ಕುಡಿಯದೆ ರಾತ್ರಿಯಿಡೀ ದುಡಿದ ಚಾಲಕಿಯೊಬ್ಬಳು ಬೇಸತ್ತು ಕಚೇರಿಯ ಕೆಲಸ ಕೇಳಿದರೆ, "ಹೆಂಗಸರಿಗೆ ಇದು ಸಾಗದು" ಎಂದು ನಾವು ತೀರ್ಮಾನಿಸುತ್ತೇವೆ. ಸಾಗದಿದ್ದುದು ಆಕೆಯ ಯೋಗ್ಯತೆಯೋ, ಇಂಜಿನ್ನು ಕಟ್ಟಿದವರ ವಿವೇಚನೆಯೋ?

ಆದುದರಿಂದ ಯೋಗ್ಯತೆಯನ್ನು ಬಿಟ್ಟುಕೊಡಿರೆಂದು ನಾನು ಹೇಳುವುದಿಲ್ಲ. ಪ್ರಯಾಣಿಕರ ಪ್ರಾಣ ಅದನ್ನೇ ನಂಬಿದೆ. ಅಳತೆಯು ಕೆಲಸದಿಂದ ಹುಟ್ಟಲಿ, ಅಭ್ಯಾಸದಿಂದ ಬೇಡ. ಮಗ ರಾತ್ರಿಪಾಳಿಗೆ ಹೊರಟರೆ ಬುತ್ತಿ ಕಟ್ಟಿಕೊಟ್ಟು, ಮಗಳು ಹೊರಟರೆ ಬಾಗಿಲಿಗೆ ಅಡ್ಡ ನಿಲ್ಲುವ ನಾವೂ ಪರೀಕ್ಷಕರೇ. ನಮ್ಮ ಕೈಯ ಕೋಲನ್ನೂ ಒಮ್ಮೆ ಅಳೆದು ನೋಡಿಕೊಳ್ಳಬೇಕಾಗಿದೆ.