ಕಾಲು ಬಾತಿದ್ದು ವಯಸ್ಸಿಗೋ, ಮಾತ್ರೆಗೋ?

ಸಾಫ್ಟ್‌ವೇರ್ ಮಕ್ಕಳ ಜೊತೆಗಿರಲೆಂದು ಕಲಬುರಗಿ, ರಾಯಚೂರು ಕಡೆಯಿಂದ ಹೈದರಾಬಾದಿನ ಮಣಿಕೊಂಡಕ್ಕೆ ಬಂದ ಹಿರಿಯರು ಸಂಜೆ ಸೇರಿದರೆ ಮಾತು ಮಾತ್ರೆಗಳ ಕಡೆ ಹೊರಳುವುದು ಸಹಜ. 'ಬಿಪಿ ಕಂಟ್ರೋಲಿಗಿ ಬಂದದ, ಆದ್ರ ಕಾಲು ಬಾತಾವ. ವಯಸ್ಸಾತಲ್ರೀ' ಎನ್ನುತ್ತಾರೆ ಒಬ್ಬರು. ಚಪ್ಪಲಿ ಬಿಟ್ಟರೆ ಪಾದದ ಮೇಲೆ ಪಟ್ಟಿಯ ಗುರುತು ಆಳವಾಗಿ ಕೂತಿರುತ್ತದೆ. ಅವರು ನುಂಗುತ್ತಿರುವುದು ಅಮ್ಲೋಡಿಪಿನ್. ರಕ್ತನಾಳಗಳನ್ನು ಸಡಿಲಿಸಿ ಒತ್ತಡ ಇಳಿಸುವುದು ಅದರ ಕೆಲಸ. ಅದೇ ಸಡಿಲಿಕೆಯಿಂದ ಕೆಲವರಿಗೆ ಕಾಲಿನಲ್ಲಿ ನೀರು ನಿಲ್ಲುತ್ತದೆ. ಮಾತ್ರೆ ಮಾಡಿದ್ದು ಒಂದೇ ಕೆಲಸ. ನಮಗೆ ಬೇಕಾದದ್ದು ಗುಣ, ಬೇಡವಾದದ್ದು ಅಡ್ಡ ಪರಿಣಾಮ. ಮಿನಾಕ್ಸಿಡಿಲ್ ಕೂಡ ಬಿಪಿಗೆಂದೇ ಬಂದ ಮಾತ್ರೆ. ನುಂಗಿದವರ ಮೈಮೇಲೆ ಕೂದಲು ಬೆಳೆಯಿತು. ಈಗ ಬೋಳಾಗುತ್ತಿರುವ ತಲೆಗೆ ಅದನ್ನೇ ದುಡ್ಡು ಕೊಟ್ಟು ಹಚ್ಚಿಕೊಳ್ಳುತ್ತಾರೆ!

ಆದರೆ ಬೇಡವಾದದ್ದನ್ನು ಔಷಧದ ಲೆಕ್ಕಕ್ಕೆ ಬರೆಯಲು ನಮಗೆ ಮನಸ್ಸೇ ಬರುವುದಿಲ್ಲ. ಇದೇ ಹೈದರಾಬಾದಿನಲ್ಲಿ ಈ ತಕರಾರು ಜಗತ್ತೇ ನೋಡುವಂತೆ ನಡೆದಿತ್ತು. ಶಸ್ತ್ರಚಿಕಿತ್ಸೆಗೆ ಮುನ್ನ ಪ್ರಜ್ಞೆ ತಪ್ಪಿಸಲು ಮೂಸಿಸುತ್ತಿದ್ದ ಕ್ಲೋರೋಫಾರ್ಮ್ ಹೃದಯಕ್ಕೆ ನೇರವಾಗಿ ತೊಂದರೆ ಕೊಡದು, ಉಸಿರಾಟ ಗಮನಿಸಿದರೆ ಸಾಕು ಎಂದು ಬ್ರಿಟಿಷ್ ರೆಸಿಡೆನ್ಸಿಯ ಸರ್ಜನ್ ಎಡ್ವರ್ಡ್ ಲಾರಿ ಪಟ್ಟು ಹಿಡಿದಿದ್ದ. ನಿಜಾಮ ಮಹಬೂಬ್ ಅಲಿ ಖಾನನ ಬೆಂಬಲದಲ್ಲಿ 1888ರಲ್ಲೊಂದು, 1889ರಲ್ಲೊಂದು ಆಯೋಗ ಕೂತಿತು. ಎರಡನೆಯದಕ್ಕೆ ಲಂಡನ್ನಿನಿಂದ ವೈದ್ಯ ಲಾಡರ್ ಬ್ರಂಟನ್ ಬಂದ. ನೂರಾರು ನಾಯಿ, ಕೋತಿಗಳಿಗೆ ಕ್ಲೋರೋಫಾರ್ಮ್ ಕೊಟ್ಟು ನೋಡಿದರು. ಮೊದಲು ನಿಲ್ಲುವುದು ಉಸಿರೇ ಎಂದು ತೀರ್ಮಾನವಾಯಿತು. ಅಂದರೆ ರೋಗಿ ಸತ್ತರೆ ತಪ್ಪು ಕೊಟ್ಟವನದು, ಔಷಧದ್ದಲ್ಲ. ಅರೆ ಅಮಲಿನಲ್ಲೇ ಹೃದಯದ ಲಯ ಕೆಟ್ಟು ಜೀವ ಹೋಗಬಹುದೆಂದು ವೈದ್ಯ ಗುಡ್‌ಮನ್ ಲೆವಿ ಬೆಕ್ಕುಗಳಲ್ಲಿ ತೋರಿಸುವಾಗ 1911 ಬಂದಿತ್ತು.

ಲಾರಿ ಮೋಸಗಾರನಲ್ಲ; ತನ್ನ ಔಷಧವನ್ನು ಅತಿಯಾಗಿ ನಂಬಿದ್ದ, ಅಷ್ಟೇ. ನಾವೂ ಹಾಗೆಯೇ ನಂಬಿ ಬಾವನ್ನು ವಯಸ್ಸಿನ ತಲೆಗೆ ಕಟ್ಟುತ್ತೇವೆ. ಆಮೇಲೆ ಬಾವು ಇಳಿಸಲೆಂದು ಇನ್ನೊಂದು ಮಾತ್ರೆ ಡಬ್ಬಿ ಸೇರುತ್ತದೆ.

ಹೊಸ ಮಾತ್ರೆ ಶುರುವಾದ ಮೇಲೆ ಮೈಯಲ್ಲಿ ಹೊಸದೇನಾದರೂ ಕಂಡರೆ, ಶುರುವಾದ ದಿನಾಂಕದ ಸಮೇತ ವೈದ್ಯರಿಗೆ ಹೇಳಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಕೇಂದ್ರ ಸರ್ಕಾರ 2010ರಲ್ಲಿ ಆರಂಭಿಸಿದ ಔಷಧ ನಿಗಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ರೋಗಿಯೇ ದೂರು ಕೊಡಬಹುದು. ಅದಕ್ಕೆ ಪುರಾವೆ ಬೇಕಿಲ್ಲ, ಅನುಮಾನವಿದ್ದರೆ ಸಾಕು.